ಶಾಂತಿಗ್ರಾಮದ ಹೊಸ್ತಿಲು

ಬೆಂಗಳೂರಿನಿಂದ ಹಾಸನದ ಕಡೆಗೆ ಹೊರಟ ಪ್ರವಾಸಿ ಚನ್ನರಾಯಪಟ್ಟಣವನ್ನು ದಾಟಿ, ತೆಂಗಿನ ತೋಟಗಳನ್ನು ಹಿಂದಿಕ್ಕಿ, ಹಾಸನ ಇನ್ನೇನು ಬಂದಿತು ಎಂದುಕೊಳ್ಳುವಷ್ಟರಲ್ಲಿ ಶಾಂತಿಗ್ರಾಮ ಎದುರಾಗುತ್ತದೆ. ಎದುರಾಗುತ್ತದೆ ಎನ್ನುವುದಕ್ಕಿಂತ ಕೈತಪ್ಪಿ ಹೋಗುತ್ತದೆ ಎನ್ನುವುದೇ ಮೇಲು. ರಾಷ್ಟ್ರೀಯ ಹೆದ್ದಾರಿ 75 ಇಲ್ಲಿ ವಾಹನವನ್ನು ತಡೆಯುವುದು ಸುಂಕ ಕಟ್ಟಿಸಿಕೊಳ್ಳುವುದಕ್ಕೆ ಮಾತ್ರ. ಸುಂಕದ ಕಟ್ಟೆಯ ಹೆಸರಾಗಿ ಶಾಂತಿಗ್ರಾಮವನ್ನು ಬಲ್ಲವರು ನಾಡಿನಲ್ಲಿ ಸಾವಿರಾರು ಮಂದಿ. ಅದರ ಬೀದಿಯೊಳಗೆ ಹೆಜ್ಜೆಯಿಟ್ಟವರು ಕೆಲವೇ ಕೆಲವರು. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟ ಸಂಸಾರಗಳು, ಮಂಗಳೂರಿನ ಬಂದರಿನಿಂದ ಬರುವ ಭಾರಿ ಲಾರಿಗಳು, ಕಿಟಕಿಗೆ ಪರದೆ ಎಳೆದುಕೊಂಡ ರಾತ್ರಿಯ ಬಸ್ಸುಗಳು, ಎಲ್ಲವೂ ಊರನ್ನು ಪಕ್ಕಕ್ಕೆ ಸರಿಸಿ ಓಡುತ್ತವೆ.

ಹೆದ್ದಾರಿಯಿಂದ ಒಳಕ್ಕೆ ತಿರುಗಿದವನಿಗೆ ಬೇರೊಂದು ಕಾಲ ಕಾಣಸಿಗುತ್ತದೆ. ಊರಿನ ಹೆಸರು ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯಿಂದ ಬಂದಿತೆಂಬುದು ಇಲ್ಲಿಯವರ ನಂಬಿಕೆ. ಭೋಗನರಸಿಂಹಸ್ವಾಮಿಯ ದೇವಾಲಯ ಹೊಯ್ಸಳರ ಕಾಲವನ್ನು ನೆನಪಿಗೆ ತರುತ್ತದೆ. ಹಳೇಬೀಡು ಬೇಲೂರುಗಳನ್ನು ಕಂಡು ಬಂದ ಕಣ್ಣಿಗೆ ಇಲ್ಲಿ ಬೆರಗಾಗುವಂಥದು ಹೆಚ್ಚೇನಿಲ್ಲ. ಹಾಗೆಂದು ಊರಿನವರು ಬೇಸರಪಟ್ಟುಕೊಂಡಂತೆಯೂ ಇಲ್ಲ. ದೇವರು ಅವರ ಮನೆಯ ಹಿರಿಯನಂತೆ ಅಲ್ಲಿದ್ದಾನೆ. ನೋಡಲು ಬರುವವರ ಲೆಕ್ಕವನ್ನು ಅವನೂ ಇಟ್ಟಿಲ್ಲ, ಅವರೂ ಇಟ್ಟಿಲ್ಲ.

ಶಾಂತಲೆ ರಾಣಿಯಷ್ಟೇ ಆಗಿರಲಿಲ್ಲ. ಗೀತ, ವಾದ್ಯ, ನೃತ್ಯ ಮೂರರಲ್ಲಿಯೂ ಅವಳು ನಿಪುಣೆಯೆಂದು ಶಾಸನಗಳು ಹೊಗಳುತ್ತವೆ. 1117ರಲ್ಲಿ ಅವಳ ಪತಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. 1123ರಲ್ಲಿ ಅವಳು ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ನಿಲ್ಲಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ದೇಹ ಬಿಟ್ಟಳು. ಬೇಲೂರಿನ ಮದನಿಕೆಯರಲ್ಲಿ ಒಬ್ಬಳಿಗಾದರೂ ಅವಳೇ ಮಾದರಿಯಾಗಿದ್ದಳೆಂದು ಹೇಳುವುದುಂಟು. ಅದು ನಿಜವಿರಲಿ ಬಿಡಲಿ, ಆ ಶಿಲ್ಪಿಗೆ ಮನುಷ್ಯದೇಹದ ಒಂದು ಗುಟ್ಟು ಚೆನ್ನಾಗಿ ತಿಳಿದಿತ್ತು. ಕಾಲು ನೆಲವನ್ನು ಮುಟ್ಟುವ ಬಗೆ, ಸೊಂಟದ ಬಾಗು, ಕೊರಳಿನ ಓರೆ, ಬೆರಳ ತುದಿಯ ತಿರುವು, ಇವು ಬಿಡಿಬಿಡಿಯಾಗಿ ನಡೆಯುವ ಕೆಲಸಗಳಲ್ಲ. ಒಂದು ಆಜ್ಞೆ ನೆತ್ತಿಯಿಂದ ಅಂಗಾಲಿಗೆ ಇಳಿಯುತ್ತದೆ. ಅಂಗಾಲಿನ ಸುದ್ದಿ ನೆತ್ತಿಗೆ ಏರುತ್ತದೆ. ಅದು ಇಳಿದು ಏರುವ ದಾರಿಯೇ ಬೆನ್ನುಹುರಿ.

ಆ ದಾರಿ ಎಷ್ಟು ಸಣ್ಣದೆಂಬುದನ್ನು ತಿಳಿದರೆ ಎದೆ ಝಲ್ಲೆನ್ನುತ್ತದೆ. ದಪ್ಪ ಕಿರುಬೆರಳಿನಷ್ಟು, ಉದ್ದ ಸುಮಾರು 45 ಸೆಂಟಿಮೀಟರು. ಬೆನ್ನುಮೂಳೆಯ ಕೊಳವೆಯೊಳಗೆ ಕುಳಿತು, ಸೊಂಟದ ಮೊದಲ ಮಣಿಯ ಹತ್ತಿರ ಮುಗಿಯುತ್ತದೆ. ಅದರಿಂದ 31 ಜೊತೆ ನರಗಳು ಹೊರಟು ಮೈಯ ತುಂಬ ಹರಡಿಕೊಳ್ಳುತ್ತವೆ. ಕೊರಳಿನಲ್ಲಿ ಹುರಿಗೆ ಪೆಟ್ಟಾದರೆ ಕೈಕಾಲು ನಾಲ್ಕೂ ಹೋಗಬಹುದು. ಎದೆಯ ಮಟ್ಟದಲ್ಲಾದರೆ ಕೈ ಉಳಿದು ಕಾಲು ಹೋಗುತ್ತವೆ. ಕಾಲು ಹೋಯಿತೆಂದಷ್ಟೇ ಜನ ಮಾತನಾಡಿಕೊಳ್ಳುವುದು ರೂಢಿ. ಅದರೊಡನೆ ಮೂತ್ರದ ಮೇಲಿನ ಹಿಡಿತ, ಮಲದ ಮೇಲಿನ ಹಿಡಿತ, ಚರ್ಮದ ಅರಿವು, ಬೆವರುವಿಕೆ, ಕೆಲವೊಮ್ಮೆ ರಕ್ತದ ಒತ್ತಡದ ಸಮತೋಲ, ಇಷ್ಟೂ ಹೋಗುತ್ತವೆ. ಮನೆಗೆ ನೋಡಲು ಬಂದ ನೆಂಟರು ಕೇಳದೆ ಬಿಡುವುದು, ಮನೆಯವರು ಹೇಳದೆ ಬಿಡುವುದು ಇವೇ. ರೋಗಿಯ ಪ್ರಾಣ ನಿಂತಿರುವುದು ಮಾತ್ರ ಇವುಗಳ ಮೇಲೆ.

ಜಗತ್ತಿನಲ್ಲಿ ಇಂದು ಒಂದೂವರೆ ಕೋಟಿಗೂ ಹೆಚ್ಚು ಮಂದಿ ಬೆನ್ನುಹುರಿಯ ಘಾತದೊಡನೆ ಬದುಕುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಿಳಿಸಿತು. ಮುಖ್ಯ ಕಾರಣಗಳು ಬೀಳುವುದು, ರಸ್ತೆಯ ಅಪಘಾತ, ಹೊಡೆದಾಟ. ಶಾಂತಿಗ್ರಾಮದ ಸುತ್ತಣ ನೆಲವನ್ನು ಒಮ್ಮೆ ನೋಡಿದರೆ ಮೊದಲಿನ ಎರಡೂ ಕಾರಣಗಳು ಕಣ್ಣೆದುರಿಗೇ ನಿಂತಿರುತ್ತವೆ. ಒಂದು ಕಡೆ ಹೆದ್ದಾರಿ. ಇನ್ನೊಂದು ಕಡೆ ತೆಂಗಿನ ಮರ.

ತೆಂಗಿನ ಮರದ ಮಾತು ಪಟ್ಟಣದ ವಾಚಕರಿಗೆ ಸ್ವಲ್ಪ ವಿಚಿತ್ರವಾಗಿ ತೋರಬಹುದು. ಅಡುಗೆಮನೆಯಲ್ಲಿ ತುರಿಯುವ ಕಾಯಿ ಯಾರೋ ಒಬ್ಬ ನಾಲ್ವತ್ತು ಐವತ್ತು ಅಡಿ ಎತ್ತರಕ್ಕೆ ಏರಿ ಕೆಡವಿದ್ದೆಂಬುದು ಸಾಂಬಾರಿನ ಪರಿಮಳದಲ್ಲಿ ಮರೆತುಹೋಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಂಡ, ಕೈಗೆ ಸಿಕ್ಕ ಒಣ ಗರಿ, ಕಾಲಿಗೆ ಕಟ್ಟಿದ ಹಗ್ಗ ಇವುಗಳಲ್ಲಿ ಯಾವುದು ಮೊದಲು ಮೋಸ ಮಾಡುತ್ತದೆಂದು ಹೇಳುವಂತಿಲ್ಲ. ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವ ಯಂತ್ರದಲ್ಲಿ ತರುಣರಿಗೆ ತರಬೇತು ಕೊಡಿಸುತ್ತಿದೆ. ಮರ ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ವಿಮೆಯನ್ನೂ ನಡೆಸಿದೆ. ಆದರೆ ತನ್ನ ಹಿತ್ತಿಲ ನಾಲ್ಕು ಮರಕ್ಕೆ ಯಾರೂ ಯಂತ್ರವನ್ನು ಹುಡುಕಿಕೊಂಡು ಹೋಗುವುದಿಲ್ಲ. ನಾಳೆ ಹಬ್ಬ, ಮನೆಯಲ್ಲಿ ಕಾಯಿಲ್ಲ. ಪಂಚೆ ಎತ್ತಿ ಕಟ್ಟಿದರೆ ಆಯಿತು.

ಹೋಬಳಿಯ ಯಾವುದೋ ಹಳ್ಳಿಯಲ್ಲಿ ಹಾಗೆ ಹತ್ತಿದ ಒಬ್ಬ ಗೃಹಸ್ಥನನ್ನು ವಾಚಕರು ಊಹಿಸಿಕೊಳ್ಳಬೇಕು. ಅವನಿಗೆ ಹೆಸರು ಬೇಡ. ಮೂವತ್ತು ದಾಟಿದ ಪ್ರಾಯ, ಮನೆಯಲ್ಲಿ ತಾಯಿ, ಹೆಂಡತಿ, ಶಾಲೆಗೆ ಹೋಗುವ ಮಗು, ಎರಡೆಕರೆ ಹೊಲ, ಆಲೂಗಡ್ಡೆಯ ಸಾಲ. ಅವನು ಬಿದ್ದ. ಸದ್ದು ಕೇಳಿ ನೆರೆಯವರು ಓಡಿ ಬಂದರು. ಆ ಕ್ಷಣದಿಂದ ಮುಂದಿನ ಹತ್ತು ನಿಮಿಷಗಳಲ್ಲಿ ನಡೆಯುವುದು ಅವನ ಉಳಿದ ಬಾಳನ್ನು ನಿರ್ಧರಿಸಿಬಿಡುತ್ತದೆ.

ಪ್ರೀತಿ ಮೊದಲು ಮಾಡುವ ಕೆಲಸವೇ ತಪ್ಪು ಕೆಲಸ. ಒಬ್ಬ ಕಂಕುಳಿಗೆ ಕೈ ಹಾಕುತ್ತಾನೆ, ಇನ್ನೊಬ್ಬ ಕಾಲು ಹಿಡಿಯುತ್ತಾನೆ. ‘ಏಳಪ್ಪಾ, ಏನೂ ಆಗಿಲ್ಲ’ ಎಂದು ಕೂರಿಸುತ್ತಾರೆ, ನೀರು ಕುಡಿಸುತ್ತಾರೆ, ಆಟೋರಿಕ್ಷಾದಲ್ಲಿ ಮಡಿಸಿ ಕೂರಿಸಿಕೊಂಡು ಹೊರಡುತ್ತಾರೆ. ಒಡೆದ ಮಣಿಯ ಚೂರು ಅದುವರೆಗೆ ಹುರಿಯನ್ನು ಒತ್ತುತ್ತಿದ್ದರೆ ಈಗ ಕತ್ತರಿಸುತ್ತದೆ. ಕಾಲಿನಲ್ಲಿ ಜೋಮು ಹಿಡಿದಂತಿದೆ, ಅಲ್ಲಾಡಿಸಲಾಗುತ್ತಿಲ್ಲ ಎಂದು ಬಿದ್ದವನು ಹೇಳಿದೊಡನೆ ಅವನನ್ನು ಕದಲಿಸದಿರುವುದೇ ದೊಡ್ಡ ಉಪಕಾರ. ತಲೆ, ಕೊರಳು, ಬೆನ್ನು ಒಂದೇ ಗೆರೆಯಲ್ಲಿರಬೇಕು. ತಲೆಯ ಎರಡು ಪಕ್ಕಕ್ಕೂ ಮಡಿಸಿದ ಬಟ್ಟೆಯಿಟ್ಟು ಒಬ್ಬ ತಲೆಯನ್ನು ಹಿಡಿದಿರಬೇಕು. ಹೊರಳಿಸಲೇಬೇಕಾದರೆ ಮೂವರು ನಾಲ್ವರು ಸೇರಿ ಮರದ ದಿಮ್ಮಿಯನ್ನು ಹೊರಳಿಸುವಂತೆ ಒಟ್ಟಿಗೆ ಹೊರಳಿಸಿ, ಹಲಗೆಯ ಮೇಲೆ ಮಲಗಿಸಬೇಕು. ಹಲಗೆ ಇಲ್ಲದಿದ್ದರೆ ಮನೆಯ ಬಾಗಿಲಿನ ರೆಕ್ಕೆಯೂ ಆದೀತು. ಕರ್ನಾಟಕದಲ್ಲಿ 2008ರ ರಾಜ್ಯೋತ್ಸವದಂದು ಆರಂಭವಾದ 108ರ ವಾಹನವನ್ನು ಕರೆದು ಕಾಯುವ ಅರ್ಧ ಗಂಟೆ, ಆತುರದಿಂದ ಹೊರಟ ಆಟೋರಿಕ್ಷಾಕ್ಕಿಂತ ಲೇಸು.

ಮುಂದೆ ಹೆದ್ದಾರಿಯೇ ನೆರವಿಗೆ ಬರುತ್ತದೆ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಅದರ ಬೋಧನಾಸ್ಪತ್ರೆ. ಹಿರಿಯ ನರಶಸ್ತ್ರಚಿಕಿತ್ಸೆ ಬೇಕಾದರೆ ಬೆಂಗಳೂರಿಗೆ ಮೂರು ಮೂರೂವರೆ ಗಂಟೆಯ ದಾರಿ. ಹುರಿಯ ಮೇಲಿನ ಒತ್ತಡವನ್ನು 24 ಗಂಟೆಗಳೊಳಗೆ ಶಸ್ತ್ರಕ್ರಿಯೆಯಿಂದ ತೆಗೆದರೆ ಚೇತರಿಕೆ ಉತ್ತಮವಾಗುವ ಸಂಭವ ಹೆಚ್ಚೆಂದು 2012ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಒಂದು ದೊಡ್ಡ ಅಧ್ಯಯನ ತೋರಿಸಿತು. ಹೆದ್ದಾರಿ ಬೆನ್ನು ಮುರಿಯುವುದೂ ಹೌದು, ಮುರಿದ ಬೆನ್ನನ್ನು ವೇಳೆಗೆ ತಲಪಿಸುವುದೂ ಹೌದು. ಶಾಂತಿಗ್ರಾಮದವರು ಅದನ್ನು ಬೈಯುವುದಕ್ಕೂ ಹೊಗಳುವುದಕ್ಕೂ ಹೋಗದಿರುವುದು ಇದರಿಂದಲೇ ಇರಬೇಕು.

ಶಸ್ತ್ರಕ್ರಿಯೆ ಆಯಿತು, ಮೂಳೆಗೆ ಲೋಹದ ಆಧಾರ ಕೂಡಿತು. ವೈದ್ಯರು ದೇಹದ ಕಟ್ಟಕಡೆಯ ನರಗಳ ಪ್ರದೇಶದಲ್ಲಿ ಸ್ಪರ್ಶದ ಅರಿವಿದೆಯೇ ಎಂದು ಪರೀಕ್ಷಿಸುತ್ತಾರೆ. ಅಲ್ಲಿ ಒಂದಿಷ್ಟು ಅರಿವು ಉಳಿದಿದ್ದರೆ ಘಾತ ‘ಅಪೂರ್ಣ’. ಏನೂ ಇಲ್ಲದಿದ್ದರೆ ‘ಪೂರ್ಣ’. ಮೊದಲಿನದಕ್ಕೆ ಆಶೆ ಹೆಚ್ಚು. ಎರಡನೆಯದಕ್ಕೆ ಕಡಿಮೆ. ‘ಪೂರ್ಣ’ ಎಂಬ ಮಾತು ಮಂಗಳವಾಚಕವಾಗಿರುವ ನಾಡಿನಲ್ಲಿ ಈ ಒಂದು ಕಡೆ ಮಾತ್ರ ಎಲ್ಲರೂ ‘ಅಪೂರ್ಣ’ವನ್ನು ಬೇಡಿಕೊಳ್ಳುತ್ತಾರೆ.

ಪ್ರಾಚೀನ ಈಜಿಪ್ತಿನ ಒಂದು ವೈದ್ಯಗ್ರಂಥ ಕೊರಳ ಮಣಿ ಸರಿದು ಕೈಕಾಲಿನ ಅರಿವು ಹೋದ ರೋಗಿಯನ್ನು ಚಿಕಿತ್ಸೆಗೆ ಸಲ್ಲದವನೆಂದು ಬಿಟ್ಟುಬಿಟ್ಟಿತ್ತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೂ ಆ ತೀರ್ಪು ಹೆಚ್ಚು ಬದಲಾಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡ ಸೈನಿಕರಲ್ಲಿ ಬಹುಮಂದಿ ಬೇಗನೆ ತೀರಿಕೊಂಡರು. ಕೊಂದದ್ದು ಗುಂಡಲ್ಲ, ಹಾಸಿಗೆಯ ಹುಣ್ಣು ಮತ್ತು ಮೂತ್ರದ ನಂಜು. 1944ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ವಿಭಾಗವನ್ನು ತೆರೆದ ಲುಡ್ವಿಗ್ ಗುಟ್‌ಮನ್ ಈ ಕಥೆಯನ್ನು ತಿರುಗಿಸಿದ. ಹಿಟ್ಲರನ ಜರ್ಮನಿಯಿಂದ 1939ರಲ್ಲಿ ತಪ್ಪಿಸಿಕೊಂಡು ಬಂದಿದ್ದ ಯೆಹೂದಿ ವೈದ್ಯ ಅವನು. ಅವನು ಹೊಸ ಔಷಧವನ್ನೇನೂ ತರಲಿಲ್ಲ. ರೋಗಿಯನ್ನು ಹಗಲೂ ರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕೆಂದ, ಮೂತ್ರಕೋಶವನ್ನು ಶುಚಿಯಾಗಿಡಬೇಕೆಂದ, ಆದಷ್ಟು ಬೇಗ ಕೈಗೆ ಕೆಲಸ ಕೊಡಬೇಕೆಂದ. ನಡುರಾತ್ರಿ ತಾನೇ ವಾರ್ಡಿಗೆ ಬಂದು ಆಳುಗಳು ಮಗ್ಗುಲು ಬದಲಾಯಿಸಿದರೋ ಇಲ್ಲವೋ ಎಂದು ನೋಡುತ್ತಿದ್ದನೆಂದು ಹೇಳುತ್ತಾರೆ. 1948ರ ಜುಲೈ 29ರಂದು, ಲಂಡನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದ ದಿನವೇ, ತನ್ನ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಗಾಲಿಕುರ್ಚಿಯ 16 ಮಂದಿಯಿಂದ ಬಿಲ್ಲುಗಾರಿಕೆಯ ಪಂದ್ಯ ಆಡಿಸಿದ. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಬೀಜ ಅದು.

ದಕ್ಷಿಣ ಭಾರತಕ್ಕೆ ಈ ವಿದ್ಯೆ ಬಂದ ಕಥೆಯೂ ಒಂದು ರಸ್ತೆಯ ಅಪಘಾತದಿಂದಲೇ ಶುರುವಾಗುತ್ತದೆ. 1954ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತರುಣ ವೈದ್ಯೆ ಮೇರಿ ವರ್ಗೀಸ್ ಗೆಳೆಯರೊಡನೆ ಹೋಗುತ್ತಿದ್ದ ವಾಹನ ಉರುಳಿತು. ಸೊಂಟದಿಂದ ಕೆಳಗೆ ಅವರ ದೇಹ ಮತ್ತೆ ಅಲ್ಲಾಡಲಿಲ್ಲ. ಕುಳಿತೇ ಮಾಡಬಹುದಾದ ಶಸ್ತ್ರಕ್ರಿಯೆ ಯಾವುದೆಂದು ಯೋಚಿಸಿ, ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ಬಿಡಿಸುವ ಕೆಲಸವನ್ನು ಅವರು ಕೈಗೆತ್ತಿಕೊಂಡರು. ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರಿಗೆ ಗುರು. ಆಸ್ಟ್ರೇಲಿಯದ ಪರ್ತಿನಲ್ಲಿ ತಾವೇ ರೋಗಿಯಾಗಿ ಇದ್ದು ಕಲಿತು, ನ್ಯೂಯಾರ್ಕಿನಲ್ಲಿ ವೈದ್ಯೆಯಾಗಿ ತರಬೇತು ಪಡೆದು ಹಿಂತಿರುಗಿದರು. 1966ರಲ್ಲಿ ವೆಲ್ಲೂರಿನಲ್ಲಿ ಒಳರೋಗಿಗಳಿಗಾಗಿ ಪುನಶ್ಚೇತನ ಸಂಸ್ಥೆ ತೆರೆಯಿತು. ಹಾಸನ, ಮೈಸೂರು, ಕೋಲಾರಗಳಿಂದ ಕಷ್ಟದ ಕಾಯಿಲೆಗೆ ‘ವೆಲ್ಲೂರಿಗೆ ಹೋಗಿ ಬಾ’ ಎನ್ನುವ ಮಾತು ಕನ್ನಡದ ಮನೆಗಳಲ್ಲಿ ಬಹು ಹಳೆಯದು. ಬೆನ್ನು ಮುರಿದವರು ಅಲ್ಲಿ ಕಂಡದ್ದು ತಮ್ಮಂತೆಯೇ ಗಾಲಿಕುರ್ಚಿಯಲ್ಲಿ ಕುಳಿತ ವೈದ್ಯೆಯನ್ನು. ಯಾವ ಉಪದೇಶವೂ ಆ ನೋಟಕ್ಕೆ ಸಮನಾಗಿರಲಾರದು.

1965ರ ಮೇ 29ರಂದು ಎವರೆಸ್ಟಿನ ತುದಿ ಮುಟ್ಟಿದ ಹರಿಪಾಲ್ ಸಿಂಗ್ ಅಹ್ಲುವಾಲಿಯ ಅದೇ ವರ್ಷ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ ಬೆನ್ನಿಗೆ ಗುಂಡು ತಗುಲಿ ಗಾಲಿಕುರ್ಚಿಗೆ ಇಳಿದರು. ಮುಂದೆ ದೆಹಲಿಯ ವಸಂತಕುಂಜದಲ್ಲಿ ಬೆನ್ನುಹುರಿಯ ಘಾತಕ್ಕಾಗಿಯೇ ದೊಡ್ಡ ಆಸ್ಪತ್ರೆಯನ್ನು ಕಟ್ಟಿದರು. ಬೆಂಗಳೂರಿನಲ್ಲಿ, ಪೋಲಿಯೋವಿನಿಂದ ತಾವೇ ಅಂಗವಿಕಲರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆ ಇಂದು ಬೆನ್ನುಹುರಿಯ ಘಾತವಾದವರ ತರಬೇತನ್ನೂ ನಡೆಸುತ್ತದೆ. ನಿಮ್ಹಾನ್ಸಿನಲ್ಲಿ ನರರೋಗಿಗಳ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವಿದೆ. ಕ್ಷಯ, ಗಡ್ಡೆ, ಉರಿಯೂತ ಮುಂತಾದ, ಪೆಟ್ಟಿನಿಂದಲ್ಲದ ಕಾರಣಗಳಿಂದ ಬೆನ್ನುಹುರಿ ಕೆಟ್ಟವರ ಚೇತರಿಕೆಯ ಬಗ್ಗೆ ಅಲ್ಲಿಯ ವೈದ್ಯರು 2009ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಮರದಿಂದ ಬಿದ್ದವರನ್ನು ಕುರಿತು ಮರುಗುವ ಜನ, ಇವರನ್ನು ನೆನೆಯುವುದು ಕಡಿಮೆ.

ಕಳೆದ ಹದಿನೈದು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ನಡೆದಿರುವುದು ಮಾತ್ರ ಹಿಂದಿನವರಿಗೆ ಕಟ್ಟುಕಥೆಯಾಗಿ ತೋರಬಹುದಾದದ್ದು. ಅದರ ಮೂಲ 1911ರಷ್ಟು ಹಿಂದಿನದು. ಮಿದುಳಿನ ಸಂಬಂಧ ಕಡಿದುಹೋದರೂ ಬೆಕ್ಕಿನ ಬೆನ್ನುಹುರಿ ತನ್ನಷ್ಟಕ್ಕೆ ನಡಗೆಯ ಲಯವನ್ನು ಹುಟ್ಟಿಸಬಲ್ಲುದೆಂದು ಗ್ರಹಾಂ ಬ್ರೌನ್ ಎಂಬ ವಿಜ್ಞಾನಿ ಆಗ ತೋರಿಸಿದ. ಅಂದರೆ ಹುರಿ ಬರಿಯ ತಂತಿಯಲ್ಲ. ತಾಳ ಬಲ್ಲ ಮದ್ದಳೆಗಾರ. ಮಿದುಳೆಂಬ ನಟುವನಾರನ ಕೂಗು ಕೇಳದೆ ಅವನು ಸುಮ್ಮನೆ ಕುಳಿತಿದ್ದಾನೆ, ವಿದ್ಯೆಯನ್ನು ಮರೆತಿಲ್ಲ. ಹಾಗಾದರೆ ಬೇರೆ ಬಗೆಯಲ್ಲಿ ಅವನನ್ನು ಎಚ್ಚರಿಸಬಹುದೇ?

ಮೊದಲು ಬಂದದ್ದು ಚಲಿಸುವ ಪಟ್ಟಿಯ ಮೇಲಿನ ಅಭ್ಯಾಸ. ರೋಗಿಯನ್ನು ಮೇಲಿನಿಂದ ಪಟ್ಟಿ ಕಟ್ಟಿ ತೂಗುಹಾಕಿ, ಭಾರವನ್ನು ಕಡಿಮೆ ಮಾಡಿ, ಕಾಲುಗಳನ್ನು ನಡೆಸುವುದು. ಅದರ ಸುತ್ತ ದೊಡ್ಡ ಆಶೆ ಬೆಳೆಯಿತು. ಘಾತವಾಗಿ ಎಂಟು ವಾರಗಳೊಳಗಿನ 146 ಮಂದಿಯನ್ನು ಸೇರಿಸಿಕೊಂಡ ಅಮೆರಿಕ ಕೆನಡಗಳ ಪರೀಕ್ಷೆಯೊಂದು 2006ರಲ್ಲಿ ಫಲಿತಾಂಶವನ್ನು ಮುಂದಿಟ್ಟಾಗ, ಯಂತ್ರದ ಮೇಲೆ ನಡೆದವರಿಗೂ ನೆಲದ ಮೇಲೆ ನಡೆಯಲು ಅಭ್ಯಾಸ ಮಾಡಿದವರಿಗೂ ವ್ಯತ್ಯಾಸವಿರಲಿಲ್ಲ. ಅಪೂರ್ಣ ಘಾತದವರಲ್ಲಿ ಎರಡೂ ಗುಂಪಿನ ಬಹಳ ಮಂದಿ ಚೆನ್ನಾಗಿಯೇ ನಡೆದರು. ದುಬಾರಿ ಯಂತ್ರವಿಲ್ಲದ ಊರುಗಳಿಗೆ ಇದಕ್ಕಿಂತ ಸಿಹಿಯಾದ ಸುದ್ದಿ ಬೇಕೆ? ಆದರೆ ಸಿಹಿಸುದ್ದಿಗೆ ಸದ್ದು ಕಡಿಮೆ. ಯಂತ್ರದ ಚಿತ್ರ ಪತ್ರಿಕೆಯಲ್ಲಿ ಚೆನ್ನಾಗಿ ಬರುತ್ತದೆ, ಎರಡು ಬಿದಿರಿನ ಗಳುಗಳ ಚಿತ್ರ ಬರುವುದಿಲ್ಲ.

2011ರಲ್ಲಿ ಅಮೆರಿಕದ ಲೂಯಿವಿಲ್ ನಗರದಿಂದ ಬಂದ ಸುದ್ದಿ ನಿಜವಾಗಿಯೂ ಹೊಸದು. ಕಾರು ಹೊಡೆದು ಕಾಲುಗಳ ಚಲನೆಯನ್ನು ಸಂಪೂರ್ಣವಾಗಿ ಕಳೆದುಕೊಂಡಿದ್ದ 23 ವರ್ಷದ ತರುಣನ ಬೆನ್ನುಹುರಿಯ ಕೆಳಭಾಗದ ಹೊದಿಕೆಯ ಮೇಲೆ, ನೋವಿನ ಚಿಕಿತ್ಸೆಗೆಂದು ಬಳಸುತ್ತಿದ್ದ 16 ವಿದ್ಯುದ್ವಾರಗಳ ಪಟ್ಟಿಯನ್ನು ಸೂಸನ್ ಹರ್ಕೆಮಾ ಅವರ ತಂಡ ಕೂರಿಸಿತ್ತು. ಸಣ್ಣ ವಿದ್ಯುತ್ತನ್ನು ಹರಿಸಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ ಮೇಲೆ ಅವನು ತನ್ನ ಭಾರವನ್ನು ತಾನೇ ಹೊತ್ತು ನಿಂತ. ವಿದ್ಯುತ್ತು ಹರಿಯುತ್ತಿರುವಾಗ ತನ್ನಿಚ್ಛೆಯಂತೆ ಕಾಲನ್ನು ಅಲ್ಲಾಡಿಸಿದ. ಪೂರ್ಣವೆಂದು ತೀರ್ಮಾನವಾದ ಘಾತದಲ್ಲಿಯೂ ಕೆಲವು ತಂತುಗಳು ಬದುಕಿರಬಹುದು, ಆದರೆ ಅವುಗಳ ದನಿ ಕೇಳದಷ್ಟು ಸಣ್ಣದಾಗಿರುತ್ತದೆ ಎಂಬ ಅನುಮಾನ ಆಗ ಬಲವಾಯಿತು.

ಸ್ವಿಟ್ಸರ್ಲೆಂಡಿನ ಲೋಸಾನ್ ನಗರದಲ್ಲಿ ಗ್ರೆಗ್ವಾರ್ ಕೂರ್ಟಿನ್ ಎಂಬ ವಿಜ್ಞಾನಿಯೂ ಜೋಸ್ಲಿನ್ ಬ್ಲಾಕ್ ಎಂಬ ನರಶಸ್ತ್ರವೈದ್ಯೆಯೂ ಈ ದಾರಿಯನ್ನು ಮುಂದಕ್ಕೆ ಒಯ್ದರು. 2018ರಲ್ಲಿ ಅವರು, ಯಾವ ಹೆಜ್ಜೆಗೆ ಯಾವ ನರದ ಮೂಲಕ್ಕೆ ಎಷ್ಟು ಹೊತ್ತಿಗೆ ವಿದ್ಯುತ್ತು ಎಂದು ಲೆಕ್ಕಹಾಕಿ ಹರಿಸುವ ವಿಧಾನವನ್ನು ಪ್ರಕಟಿಸಿದರು. 2023ರಲ್ಲಿ ಮಿದುಳಿಗೂ ಬೆನ್ನುಹುರಿಗೂ ನಡುವೆ ಸೇತುವೆಯನ್ನೇ ಕಟ್ಟಿದರು. ಹತ್ತು ವರ್ಷಕ್ಕೂ ಹಿಂದೆ ಸೈಕಲ್ ಅಪಘಾತದಲ್ಲಿ ಗಾಯಗೊಂಡಿದ್ದ ಡಚ್ ಗೃಹಸ್ಥನೊಬ್ಬನ ತಲೆಬುರುಡೆಯಲ್ಲಿ ಎರಡು ಯಂತ್ರಗಳು ಕೂತವು. ನಡೆಯಬೇಕೆಂಬ ಅವನ ಯೋಚನೆಯನ್ನು ಅವು ಗ್ರಹಿಸುತ್ತವೆ. ಗಣಕಯಂತ್ರ ಅದನ್ನು ಬಿಡಿಸುತ್ತದೆ. ಆಜ್ಞೆ ಗಾಯವನ್ನು ಹಾಯದೆ ಗಾಳಿಯ ಮೂಲಕ ಬೆನ್ನುಹುರಿಗೆ ಬಂದಿಳಿಯುತ್ತದೆ. ಅವನು ಮೆಟ್ಟಿಲು ಹತ್ತಿದ. ಅಭ್ಯಾಸದ ತರುವಾಯ ಯಂತ್ರವನ್ನು ನಿಲ್ಲಿಸಿದಾಗಲೂ ಊರುಗೋಲು ಹಿಡಿದು ಕೆಲವು ಹೆಜ್ಜೆ ನಡೆದ. ವಿದ್ಯುತ್ತು ಕಾಲನ್ನು ಎಳೆದಾಡುವುದಷ್ಟೇ ಅಲ್ಲ, ಹಳೆಯ ದಾರಿಗಳನ್ನು ಸ್ವಲ್ಪಮಟ್ಟಿಗೆ ದುರಸ್ತಿ ಮಾಡಲೂ ಸಹಾಯವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಸಾಮಾನ್ಯ ಜನಕ್ಕೆ ಇನ್ನೂ ಹತ್ತಿರವಾದದ್ದು 2024ರಲ್ಲಿ ಬಂದಿತು. ಚರ್ಮವನ್ನು ಕೊಯ್ಯದೆ, ಕೊರಳ ಹಿಂಭಾಗದಲ್ಲಿ ಅಂಟಿಸಿದ ಪಟ್ಟಿಗಳಿಂದ ವಿದ್ಯುತ್ತು ಹರಿಸುತ್ತ ಎರಡು ತಿಂಗಳು ಕೈಯ ಅಭ್ಯಾಸ ಮಾಡಿಸಿದ ಪರೀಕ್ಷೆ ಅದು. ಕೊರಳಿನಲ್ಲಿ ಘಾತವಾದ 60 ಮಂದಿಯಲ್ಲಿ ನೂರಕ್ಕೆ 72ರಷ್ಟು ಜನಕ್ಕೆ ಕೈಯ ಬಲವೂ ಉಪಯೋಗವೂ ಹೆಚ್ಚಿದುವು. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಆ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಕೈಯ ಹಿಡಿತ ಒಂದಿಷ್ಟು ಮರಳುವುದು ನಡಗೆಯಷ್ಟು ಸುದ್ದಿಯಾಗುವುದಿಲ್ಲ. ತನ್ನ ಊಟವನ್ನು ತಾನೇ ಕಲಸಿಕೊಂಡು ಉಣ್ಣುವುದೆಂದರೇನೆಂಬುದು ಉಣಿಸಿಕೊಂಡವನಿಗೆ ಮಾತ್ರ ಗೊತ್ತು.

ಇವೆಲ್ಲವುಗಳಲ್ಲಿಯೂ ಒಂದು ಮಾತು ಸಮಾನ: ವಿದ್ಯುತ್ತು ಎಲ್ಲಿ ಫಲಿಸಿತೋ ಅಲ್ಲೆಲ್ಲ ಅದರ ಜೊತೆಗೆ ದಿನದಿನದ ಬೆವರಿನ ಸಾಧನೆ ಇತ್ತು. ಒಂದು ಸೂಜಿಯಿಂದ ಎದ್ದು ನಿಂತವರು ಇವರಲ್ಲಿ ಯಾರೂ ಇಲ್ಲ. ಇದನ್ನು ಹೇಳಲೇಬೇಕಾದದ್ದು ಏಕೆಂದರೆ, ಕಾಂಡಕೋಶದ ಚುಚ್ಚುಮದ್ದಿನಿಂದ ಬೆನ್ನುಹುರಿ ಚಿಗುರುತ್ತದೆಂದು ಹೇಳಿ ಲಕ್ಷಗಟ್ಟಲೆ ಹಣ ಕೀಳುವವರು ದೇಶದಲ್ಲಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂತ್ರ ಕೆಲವು ರಕ್ತದ ಕಾಯಿಲೆಗಳಂಥವನ್ನು ಬಿಟ್ಟರೆ ಉಳಿದುದಕ್ಕೆ ಈ ಚಿಕಿತ್ಸೆ ಒಪ್ಪಿಗೆ ಪಡೆದ ಸಂಶೋಧನೆಯ ಚೌಕಟ್ಟಿನಲ್ಲಿ ಮಾತ್ರ ನಡೆಯಬೇಕೆನ್ನುತ್ತದೆ. ಸಂಶೋಧನೆಗೆ ಒಳಗಾಗುವವನಿಂದ ಹಣ ಕೇಳುವಂತಿಲ್ಲ. ಬಿದ್ದವನ ಎರಡೆಕರೆ ಮಾರಾಟವಾಗುವುದು ಬಹುಮಟ್ಟಿಗೆ ಬಿದ್ದ ತಿಂಗಳಲ್ಲಲ್ಲ; ಆರು ತಿಂಗಳ ಮೇಲೆ, ಯಾರೋ ಹೇಳಿದ ಈ ಚುಚ್ಚುಮದ್ದಿಗಾಗಿ.

ಶಾಂತಿಗ್ರಾಮದ ನಮ್ಮ ಊಹೆಯ ಗೃಹಸ್ಥ ಮೂರು ತಿಂಗಳ ಮೇಲೆ ಮನೆಗೆ ಬಂದನೆನ್ನಬೇಕು. ಅವನದು ಎದೆಯ ಕೆಳಮಟ್ಟದ ಪೂರ್ಣ ಘಾತ, ಕೈ ಗಟ್ಟಿಯಾಗಿವೆ. ಲೋಸಾನಿನ ಸೇತುವೆ ಇವನವರೆಗೆ ಇನ್ನೂ ಬಂದಿಲ್ಲ. ಇವನ ಮುಂದಿರುವ ಮೊದಲ ಸಮಸ್ಯೆ ಮನೆಯ ಹೊಸ್ತಿಲು.

ಹಳ್ಳಿಯ ಮನೆಯ ಹೊಸ್ತಿಲು ಬರಿಯ ಮರದ ತುಂಡಲ್ಲ. ಅದಕ್ಕೆ ದಿನವೂ ನೀರು, ಅರಿಸಿನ ಕುಂಕುಮ, ಮುಂದೆ ರಂಗವಲ್ಲಿ. ಲಕ್ಷ್ಮಿ ಅದರ ಮೇಲಿಂದ ಬರುತ್ತಾಳೆ. ಸೊಸೆ ಅದನ್ನು ಬಲಗಾಲಿಟ್ಟು ದಾಟಿ ಬಂದಿದ್ದಾಳೆ. ಅದನ್ನು ಕೊಯ್ದು ತೆಗೆಯಬೇಕೆಂದು ಪುನಶ್ಚೇತನ ಕೇಂದ್ರದಿಂದ ಬಂದವರು ಹೇಳಿದರೆ ಮುದುಕಿ ತಾಯಿ ಹೌಹಾರುವುದು ಸಹಜ. ಮಗನ ಕಾಲು ಹೋದದ್ದು ಸಾಲದೇ, ಮನೆಯ ಲಕ್ಷ್ಮಿಯೂ ಹೋಗಬೇಕೇ? ಇಲ್ಲಿ ಗೆಲ್ಲಬೇಕಾದದ್ದು ವಾದದಿಂದಲ್ಲ. ಹೊಸ್ತಿಲನ್ನು ಹಾಗೇ ಉಳಿಸಿ ಅದರ ಎರಡು ಕಡೆಗೂ ಇಳಿಜಾರಿನ ಹಲಗೆ ಕೂರಿಸಬಹುದು. ಲೆಕ್ಕ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಇಳಿಜಾರು. ಆರು ಅಂಗುಲದ ಹೊಸ್ತಿಲಿಗೆ ಆರು ಅಡಿ ಹಲಗೆಯಾದರೆ ತನ್ನ ಕೈಯಿಂದಲೇ ಗಾಲಿ ತಳ್ಳಿಕೊಂಡು ದಾಟಬಹುದು. ಆದರೆ ಅದೇ ಮನೆಯ ಜಗಲಿ ಮೂರು ಅಡಿ ಎತ್ತರವಿದ್ದರೆ ಬೇಕಾದದ್ದು ಮೂವತ್ತಾರು ಅಡಿ. ಬೀದಿಯೇ ಅಷ್ಟು ಅಗಲವಿರುವುದಿಲ್ಲ. ಆಗ ಜಗಲಿಯ ಉದ್ದಕ್ಕೆ ಗೋಡೆಯ ಪಕ್ಕದಲ್ಲಿ ತಿರುವಿಟ್ಟು ಕಟ್ಟಬೇಕು. ಹಿತ್ತಿಲ ಕಡೆಯ ನೆಲ ಎತ್ತರವಾಗಿದ್ದರೆ ಹಿಂಬಾಗಿಲೇ ತಲೆಬಾಗಿಲಾಗುತ್ತದೆ.

ಎರಡನೆಯದು ಬಚ್ಚಲು. ಗಾಲಿಕುರ್ಚಿಯ ಅಗಲ ಬಾಗಿಲ ಅಗಲಕ್ಕಿಂತ ಎರಡು ಅಂಗುಲ ಹೆಚ್ಚಾಗಿದ್ದರೆ ಇಡೀ ವಿಜ್ಞಾನ ಆ ಎರಡು ಅಂಗುಲದಲ್ಲಿ ನಿಂತುಬಿಡುತ್ತದೆ. ಮೂರನೆಯದು ಮೂತ್ರ. ಶುಚಿಯಾದ ನಳಿಕೆಯನ್ನು ದಿನಕ್ಕೆ ನಾಲ್ಕೈದು ಬಾರಿ ತಾನೇ ಹಾಕಿ ಮೂತ್ರಕೋಶವನ್ನು ಬರಿದು ಮಾಡಿಕೊಳ್ಳುವ ವಿಧಾನವನ್ನು ಅಮೆರಿಕದ ಲ್ಯಾಪಿಡೆಸ್ ಎಂಬ ವೈದ್ಯ 1972ರಲ್ಲಿ ಪ್ರಕಟಿಸಿದ. ಮೂತ್ರಪಿಂಡ ಕೆಟ್ಟು ಸಾಯುವವರನ್ನು ಉಳಿಸುವುದರಲ್ಲಿ ಅದರ ಪಾಲು ದೊಡ್ಡದು. ಬೇಕಾದದ್ದು ಸೋಪು, ನೀರು, ಒಂದು ನಳಿಕೆ, ಹದಿನೈದು ನಿಮಿಷದ ಮರೆ. ಒಂದೇ ಕೋಣೆಯ ಮನೆಯಲ್ಲಿ ಸುಲಭವಾಗಿ ಸಿಗದಿರುವುದು ಕೊನೆಯದು.

ಇಂಥವರಿಗೆ ಸಹಾಯವಿಲ್ಲವೆಂದಲ್ಲ. ಕೇಂದ್ರ ಸರ್ಕಾರ 1981ರಿಂದ ಸಾಧನಗಳಿಗಾಗಿ ಯೋಜನೆ ನಡೆಸುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸುವ ಪದ್ಧತಿ ಇದೆ. ಅವರಲ್ಲಿ ಹಲವರು ತಾವೇ ಅಂಗವಿಕಲರು. ಕಾಗದಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವ ಕೆಲಸ ಅವರಿಂದ ಎಷ್ಟೋ ಹಗುರವಾಗಿದೆ. ಆದರೆ ಎಲ್ಲರಿಗೂ ಒಂದೇ ಅಳತೆಯ ಕುರ್ಚಿ ಹಂಚುವ ಪದ್ಧತಿಯನ್ನು ಮೆಚ್ಚುವಂತಿಲ್ಲ. ಆಸ್ಪತ್ರೆಯ ಹಜಾರದಲ್ಲಿ ಓಡುವ ಕುರ್ಚಿ ಮಳೆ ಬಿದ್ದ ಕೆಮ್ಮಣ್ಣಿನ ದಾರಿಯಲ್ಲಿ ಓಡುವುದಿಲ್ಲ. ಸರಿಯಾದ ಮೆತ್ತೆಯಿಲ್ಲದ ಕುರ್ಚಿ ಹುಣ್ಣಿಗೆ ದಾರಿ. ಕುರ್ಚಿಯ ಬೆಲೆಯ ಜೊತೆಗೆ ಮೆತ್ತೆಯ ಬೆಲೆಯನ್ನೂ ಯಾರಾದರೂ ವಿಚಾರಿಸಿದರೆ ಎಷ್ಟೋ ಜನ ವರ್ಷಗಟ್ಟಲೆ ಹೆಚ್ಚಾಗಿ ಬಾಳಿಯಾರು.

ದುಡಿಮೆಯ ಪ್ರಶ್ನೆ ಕೊನೆಯದಲ್ಲ, ಎಲ್ಲಕ್ಕೂ ಅಡಿಯಲ್ಲಿರುವುದು ಅದೇ. ಎರಡೆಕರೆಯನ್ನು ಹೆಂಡತಿ ನೋಡಿಕೊಳ್ಳುತ್ತಾಳೆ. ಕಳೆ ಕೀಳುವುದಕ್ಕೂ ಅವಳೇ, ಮಗ್ಗುಲು ಬದಲಾಯಿಸುವುದಕ್ಕೂ ಅವಳೇ. ಪುನಶ್ಚೇತನವನ್ನು ಕುರಿತ ಪುಸ್ತಕಗಳಲ್ಲಿ ರೋಗಿಯ ಚಿತ್ರ ಹತ್ತಿದ್ದರೆ ಅವಳ ಚಿತ್ರ ಒಂದಿರುತ್ತದೆ. ಮನೆಯ ಮುಂಭಾಗದಲ್ಲಿ ಸಣ್ಣ ಅಂಗಡಿಯನ್ನೋ ಹೊಲಿಗೆಯ ಯಂತ್ರವನ್ನೋ ಮೊಬೈಲು ದುರಸ್ತಿಯನ್ನೋ ಇಟ್ಟುಕೊಂಡು ಕೈಯಿಂದ ದುಡಿಯಲು ಆರಂಭಿಸಿದವರು ಬೇಗ ಚೇತರಿಸಿಕೊಳ್ಳುತ್ತಾರೆಂಬುದು ಈ ಕೆಲಸದಲ್ಲಿ ತೊಡಗಿದವರೆಲ್ಲರ ಅನುಭವ.

ಸಂಜೆ ಬಿಸಿಲು ಇಳಿದಾಗ ಅವನ ಕುರ್ಚಿ ಹಲಗೆಯ ಮೇಲಿಂದ ಹೊರಗೆ ಉರುಳಿ ಬರುತ್ತದೆ. ಹೊಸ್ತಿಲ ರಂಗವಲ್ಲಿ ಗಾಲಿಗೆ ಸಿಕ್ಕಿ ಎರಡು ಬಿಳಿಯ ಗೆರೆಯಾಗಿ ಬೀದಿಯವರೆಗೆ ಎಳೆದುಕೊಂಡು ಹೋಗುತ್ತದೆ; ತಾಯಿ ಈಗ ಅದಕ್ಕೆ ಏನೂ ಅನ್ನುವುದಿಲ್ಲ. ದೂರದಲ್ಲಿ ಸುಂಕದ ಕಟ್ಟೆಯ ದೀಪಗಳು ಹೊತ್ತಿಕೊಂಡಿವೆ. ಸಾಲಿನಲ್ಲಿ ನಿಂತ ವಾಹನಗಳ ಪಕ್ಕದಿಂದ, ಸುಂಕವಿಲ್ಲದ ದಾರಿಯಲ್ಲಿ, ಕೂಗುತ್ತ ಒಂದು ಆಂಬುಲೆನ್ಸು ಬೆಂಗಳೂರಿನ ಕಡೆಗೆ ಹೊರಟಿದೆ. ಮಗು ಮಗ್ಗಿ ಓದುತ್ತಿದೆ. ಕಾಲು ಗಂಟೆಯಾಯಿತೆಂದು ಅವನಿಗೆ ನೆನಪಾಗುತ್ತದೆ. ಎರಡು ಕೈಯನ್ನೂ ಗಾಲಿಯ ಮೇಲಿನ ದಂಡಕ್ಕೆ ಊರಿ, ಮೈಯನ್ನು ಮೆತ್ತೆಯಿಂದ ಮೇಲಕ್ಕೆತ್ತಿ, ಹಾಗೆಯೇ ಹಿಡಿದುಕೊಂಡು, ಮೂವತ್ತರವರೆಗೆ ಎಣಿಸುತ್ತಾನೆ.